ಗಾಡಿಗೆ ಒಂದೇ ಹೊಟ್ಟೆ

ನಮ್ಮ ಬೀದಿಯ ಕಸದ ಗಾಡಿ ಬೆಳಿಗ್ಗೆ ಆರೂಮುಕ್ಕಾಲಿಗೂ ಬರಬಹುದು, ಒಂಬತ್ತೂವರೆಗೂ ಬರಬಹುದು. ಗಾಡಿಗಿಂತ ಮೊದಲು ಅದರ ಹಾಡು ಬರುತ್ತದೆ. ಎರಡು ಬೀದಿ ಆಚೆ ಹಾಡು ಕೇಳಿಸಿತೋ ಇಲ್ಲವೋ, ನಮ್ಮಮ್ಮ ಹಸಿರು ಬಕೆಟ್ಟು, ಕೆಂಪು ಬಕೆಟ್ಟು, ಒಣ ಕಸದ ಚೀಲ ಮೂರನ್ನೂ ಗೇಟಿನ ಬಳಿ ಸಾಲಾಗಿ ನಿಲ್ಲಿಸಿಬಿಡುತ್ತಾರೆ, ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದ ಹಾಗೆ. ಒಣ ಕಸದ ಚೀಲದೊಳಗೆ ಹೋಗುವ ಹಾಲಿನ ಕವರುಗಳಿಗೆ ಹಿಂದಿನ ದಿನವೇ ಸ್ನಾನವಾಗಿರುತ್ತದೆ. ತೊಳೆದು, ತಂತಿಯ ಮೇಲೆ ಕ್ಲಿಪ್ ಹಾಕಿ ಒಣಗಿಸುತ್ತಾರೆ. ನನ್ನ ಬನಿಯನ್‌ಗೆ ಕ್ಲಿಪ್ ಸಿಗದ ದಿನಗಳಿವೆ, ಹಾಲಿನ ಕವರಿಗೆ ಸಿಗದ ದಿನವಿಲ್ಲ.

ಮೊನ್ನೆ ಬುಧವಾರ ಇಷ್ಟೆಲ್ಲ ಮಡಿಯಿಂದ ಒಪ್ಪಿಸಿದ ಮೂರನ್ನೂ ಗಾಡಿಯ ಅಕ್ಕ ಒಂದರ ಮೇಲೊಂದು ಒಂದೇ ಕಡೆ ಮಗುಚಿದರು. ಮೊದಲು ತರಕಾರಿ ಸಿಪ್ಪೆ, ಅದರ ಮೇಲೆ ಒಣಗಿದ ಹಾಲಿನ ಕವರು, ಅದರ ಮೇಲೆ ಕೆಂಪು ಬಕೆಟ್ಟಿನದು. ಪಕ್ಕದ ಮನೆಯ ನಿನ್ನೆಯ ಸಾರು ಎಲ್ಲದರ ಮೇಲೂ ಅಭಿಷೇಕವಾಯಿತು.

"ಅಕ್ಕಾ, ಬೇರೆ ಬೇರೆ ಮಾಡಿ ಕೊಟ್ಟಿದ್ದೀವಲ್ಲಾ?" ಅಂದೆ.

"ಗೊತ್ತು ಸಾರ್. ನೀವು ಮೂರು ಕೊಡ್ತೀರ. ಗಾಡಿಗಿರೋದು ಒಂದೇ ಹೊಟ್ಟೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದನ್ನು ಮಡಕೆಯ ವಿಷಯದಲ್ಲಿ ಮಾತ್ರ ಕೇಳಿದ್ದೆ.

ಬೆಂಗಳೂರಿನ ಕಸದ ಚರಿತ್ರೆಯನ್ನು ಯಾರಾದರೂ ಬರೆಯುವುದಿದ್ದರೆ ಸರ್ಕಾರಿ ಕಡತ ಹುಡುಕಬೇಕಾಗಿಲ್ಲ, ನಮ್ಮ ಅಡುಗೆಮನೆಯ ಮೂಲೆ ಸಾಕು. ಮೊದಲು ಅಲ್ಲಿ ಒಂದು ಡಬ್ಬ ಇತ್ತು. 2012ರಲ್ಲಿ ಊರಾಚೆಯ ಮಾವಳ್ಳಿಪುರದ ಜನ ನಮ್ಮ ಕಸ ಹೊತ್ತು ಸಾಕಾಗಿ ಲಾರಿಗಳನ್ನು ತಡೆದರು. ನಗರವೆಲ್ಲ ನಾರತೊಡಗಿತು. ಆಗ ಹಸಿ ಕಸ, ಒಣ ಕಸ ಬೇರೆ ಮಾಡುವುದು ಅಕ್ಟೋಬರ್ 1ರಿಂದ ಕಡ್ಡಾಯ ಎಂದರು. ಡಬ್ಬ ಎರಡಾಯಿತು. ಕಸ ಮಾತ್ರ ಮಂಡೂರಿಗೆ ಹೋಗುತ್ತಲೇ ಇತ್ತು. ಅಲ್ಲಿಯ ಜನರೂ ಬೀದಿಗಿಳಿದ ಮೇಲೆ, 2014ರ ಕೊನೆಗೆ ಅದೂ ನಿಂತಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟೇ ಎರಡು ಬಕೆಟ್ಟು, ಒಂದು ಚೀಲ ಎಂದು ಬಣ್ಣ ಸಹಿತ ಆದೇಶ ಮಾಡಿತು: ಹಸಿರಿಗೆ ಹಸಿ ಕಸ, ಕೆಂಪಿಗೆ ಪ್ಯಾಡು, ಡೈಪರಿನಂಥದ್ದು, ಚೀಲಕ್ಕೆ ಒಣ ಕಸ. ನ್ಯಾಯಮೂರ್ತಿಗಳು ಕೂತು ಬಕೆಟ್ಟಿನ ಬಣ್ಣ ಹೇಳಬೇಕಾಗಿ ಬಂದ ಊರು ನಮ್ಮದು. ಡಬ್ಬ ಮೂರಾಯಿತು. ಈಗ ಕೇಂದ್ರದ 2026ರ ಹೊಸ ನಿಯಮದ ಪ್ರಕಾರ ನಾಲ್ಕು: ಹಸಿ, ಒಣ, ಸ್ಯಾನಿಟರಿ, ಮತ್ತು 'ವಿಶೇಷ ಆರೈಕೆ'ಯ ಕಸ. ಅಂದರೆ ಬಲ್ಬು, ಹಳೆಯ ಔಷಧಿ, ಬಣ್ಣದ ಡಬ್ಬ ಇತ್ಯಾದಿ. ಮನೆಯ ಹಿರಿಯರಿಗೆ ಇಲ್ಲದ ವಿಶೇಷ ಆರೈಕೆ ಬಲ್ಬಿಗಾದರೂ ಸಿಗಲಿ.

ಹದಿನಾಲ್ಕು ವರ್ಷದಲ್ಲಿ ನಾವು ಒಂದರಿಂದ ನಾಲ್ಕಕ್ಕೆ ಬಂದೆವು. ಪ್ರಗತಿ ಎಂದರೆ ಇದೇ ಇರಬೇಕು. ನಮ್ಮ ಮೂಲೆಯಲ್ಲಿ ಮಾತ್ರ ಆಯಿತು, ಗಾಡಿಯವರೆಗೆ ಇನ್ನೂ ಬಂದಿಲ್ಲ.

ಗಾಡಿಯನ್ನು ಹಿಂಬಾಲಿಸಿ ಒಮ್ಮೆ ಹೋಗಿದ್ದೆ. ನಿವೃತ್ತರಿಗೆ ಇಂಥ ಕೆಲಸಕ್ಕೆ ಪುರುಸೊತ್ತಿರುತ್ತದೆ. ಪಾರ್ಕಿನ ಆಚೆಯ ತಿರುವಿನಲ್ಲಿ ದೊಡ್ಡ ಕಾಂಪ್ಯಾಕ್ಟರ್ ನಿಂತಿರುತ್ತದೆ. ಸುತ್ತಲಿನ ಆಟೋ ಟಿಪ್ಪರುಗಳು ಒಂದೊಂದಾಗಿ ಬಂದು ಅದರ ಬಾಯಿಗೆ ಸುರಿಯುತ್ತವೆ. ಅದು ಗುರ್ ಎಂದು ಒಳಗೆ ಒತ್ತುತ್ತದೆ. ಬೇರೆ ಬೇರೆ ಉಳಿಯಲಿ ಎಂದು ನಾವು ಪಟ್ಟ ಪಾಡನ್ನೆಲ್ಲ ಹಿಂಡಿ ಒಂದು ಮಾಡುವುದಕ್ಕೇ ಹುಟ್ಟಿದ ಯಂತ್ರ ಅದು. ಸಾರು ತಾಗಿದ ರದ್ದಿಯನ್ನು ಗುಜರಿಯವನೂ ಮುಟ್ಟುವುದಿಲ್ಲ, ಪ್ಲಾಸ್ಟಿಕ್ ಸೇರಿದ ಸಿಪ್ಪೆ ಗೊಬ್ಬರಕ್ಕೂ ಆಗುವುದಿಲ್ಲ. ಇದು ವಿಂಗಡಣೆಯ ಕರಪತ್ರದಲ್ಲೇ ಅಚ್ಚಾಗಿದೆ. ಆ ಕರಪತ್ರದ ಒಂದು ಪ್ರತಿಯನ್ನು ಅದೇ ಕಾಂಪ್ಯಾಕ್ಟರಿನ ಬಾಯಲ್ಲಿ ಅವತ್ತು ನೋಡಿದೆ. ಒತ್ತಿದಾಗ ಹಿಂದಿನಿಂದ ಕಂದು ನೀರು ಸುರಿದು ರಸ್ತೆಯುದ್ದಕ್ಕೂ ಗೆರೆ ಎಳೆಯುತ್ತದೆ. ಗೆರೆ ಹಿಡಿದು ನಡೆದರೆ ಲಾರಿ ಎಲ್ಲಿಗೆ ಹೋಯಿತೆಂದು ಮೂಗು ಮುಚ್ಚಿಕೊಂಡೇ ಹೇಳಬಹುದು. ಅದಕ್ಕೆ ಜಿಪಿಎಸ್ ಬೇರೆ ಯಾಕೆ ಬೇಕೋ.

ಹಾಗೆಂದು ನಗರದ ಆಡಳಿತ ಕೈಕಟ್ಟಿ ಕೂತಿದೆ ಎಂದರೆ ನಾಲಿಗೆ ಸೇದಿಹೋದೀತು. ತೀರ್ಮಾನಗಳಿಗೆ ಬರವಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಹಿಡಿದು ಕೇಳೋಣವೆಂದರೆ ಕಾರ್ಪೊರೇಟರೇ ಇರಲಿಲ್ಲ. ತೀರ್ಮಾನ ಮಾಡುವವರಿಗೆ ಇದಕ್ಕಿಂತ ಅನುಕೂಲ ಉಂಟೆ? 2025ರ ಸೆಪ್ಟೆಂಬರಿನಲ್ಲಿ ಇದ್ದ ಒಂದು ಪಾಲಿಕೆಯನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಕೇಂದ್ರ ಎಂದು ಐದು ಮಾಡಿದರು. ಈ ಊರಿನಲ್ಲಿ ಮೂಲದಲ್ಲೇ ಯಶಸ್ವಿಯಾಗಿ ವಿಂಗಡಣೆಯಾದ ವಸ್ತು ಎಂದರೆ ಪಾಲಿಕೆ ಒಂದೇ.

ಅದೇ ವರ್ಷದ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವೂ ಬಂತು. ಕಸಕ್ಕೆ ದುಡ್ಡು ಕೇಳುವುದರಲ್ಲಿ ತಪ್ಪೇನಿಲ್ಲ ಎಂಬುದು ನನ್ನ ಅಭಿಪ್ರಾಯ, ಯಾರೋ ಹೊರಬೇಕಲ್ಲ. ಆದರೆ ಲೆಕ್ಕ ನೋಡಿ. ಮನೆ 600 ಚದರಡಿಯೊಳಗಿದ್ದರೆ ತಿಂಗಳಿಗೆ 10 ರೂಪಾಯಿ, 4000 ದಾಟಿದರೆ 400. ಕಸವನ್ನು ಕಿಲೋದಲ್ಲಿ ತೂಗುತ್ತಾರೆಂದು ನಾವು ದಡ್ಡರು ತಿಳಿದಿದ್ದೆವು. ಅದನ್ನು ಟೇಪು ಹಿಡಿದು ಅಳೆಯುತ್ತಾರೆ. ತೊಳೆದು, ಒಣಗಿಸಿ, ಸಿಪ್ಪೆಯನ್ನು ಮನೆಯಲ್ಲೇ ಗೊಬ್ಬರ ಮಾಡಿ ಒಂದು ಹಿಡಿ ಕಸವನ್ನೂ ಹೊರಗೆ ಕೊಡದವನಿಗೂ ಗೋಡೆಯಿಂದ ಗೋಡೆಗೆ ಅಳತೆ. ದಿನಕ್ಕೆ ನಾಲ್ಕು ಪಾರ್ಸೆಲ್ ತರಿಸಿ ರಟ್ಟು, ಥರ್ಮೋಕೋಲು ಗುಡ್ಡೆ ಹಾಕುವವನಿಗೂ ಅದೇ ಅಳತೆ.

ಬಿಲ್ಲು ಓದಿ ಹೇಳಿದಾಗ ಅಮ್ಮ ಒಂದೇ ಕೇಳಿದರು: "ದೇವರ ಮನೇನೂ ಸೇರಿಸಿದ್ದಾರೇನೋ? ಅಲ್ಲಿಂದ ಬರೋ ಹೂವನ್ನ ನಾನು ಗಿಡದ ಬುಡಕ್ಕಲ್ವಾ ಹಾಕೋದು?" ನನ್ನಲ್ಲಿ ಉತ್ತರವಿರಲಿಲ್ಲ. ದೇವರ ಚದರಡಿಗೂ ಶುಲ್ಕ ಕಟ್ಟಿದೆ.

ಈ ಎಲ್ಲಕ್ಕೂ ಕಳಶವಿಟ್ಟದ್ದು 2025ರ ಅಕ್ಟೋಬರ್ ಕೊನೆಯ ತೀರ್ಮಾನ. ರಸ್ತೆ ಬದಿ ಕಸ ಎಸೆದವರನ್ನು ಪತ್ತೆಹಚ್ಚಿ, ಅವರ ಮನೆಯ ಮುಂದೆಯೇ ಕಸ ತಂದು ಸುರಿಯುವುದು. ದಂಡವೂ ಉಂಟು. ಅದಕ್ಕಿಟ್ಟ ಹೆಸರು 'ಕಸ ಸುರಿಯುವ ಹಬ್ಬ'. ದೀಪಾವಳಿ ಮುಗಿದಿತ್ತು, ರಾಜ್ಯೋತ್ಸವ ಇನ್ನೂ ಬಂದಿರಲಿಲ್ಲ, ನಡುವೆ ಖಾಲಿ ಬಿಡುವುದು ಬೇಡವೆಂದು ಕಂಡಿರಬೇಕು. ಈ ಹಬ್ಬಕ್ಕೆ ತೋರಣವಿಲ್ಲ, ಹೋಳಿಗೆಯಿಲ್ಲ, ಬಾಗಿಲಿಗೆ ಬರುವ ಅತಿಥಿ ಮಾತ್ರ ತಪ್ಪುವುದಿಲ್ಲ. ಬೀದಿಯಲ್ಲಿ ಎಸೆಯುವವರ ಮೇಲೆ ನನಗೂ ಸಿಟ್ಟಿದೆ, ಬೈಕಿನಲ್ಲಿ ಬಂದು ನಮ್ಮ ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಕವರ್ ಬೀಸಿ ಹೋಗುವವನು ಸಿಕ್ಕರೆ ನಾನೇ ಆರತಿ ಎತ್ತುತ್ತೇನೆ. ನನಗೆ ಅಚ್ಚರಿಯಾದದ್ದು ಬೇರೆ. ಗೇಟಿನಲ್ಲಿ ಕಾದು ನಿಂತ ಮನೆಯಿಂದ ಕಸ ಒಯ್ಯಲು ವಾರದಲ್ಲಿ ಎರಡು ದಿನ ಬಾರದ ಗಾಡಿ, ಕಸ ತಂದು ಹಾಕುವುದಕ್ಕಾದರೆ ಹೇಳಿದ ಹೊತ್ತಿಗೆ ಬರುತ್ತದೆ!

ಹಾಗಾದರೆ ಈ ಊರಿನಲ್ಲಿ ಮರುಬಳಕೆಯೇ ಆಗುವುದಿಲ್ಲವೇ? ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಗಾಡಿಯ ಪಕ್ಕದಲ್ಲಿ ಒಂದು ದೊಡ್ಡ ಗೋಣಿಚೀಲ ಹಗ್ಗದಲ್ಲಿ ನೇತಾಡುತ್ತಿರುತ್ತದೆ, ನೋಡಿದ್ದೀರಾ? ಮೇಲೆ ಹೇಳಿದ ಯಾವ ಆದೇಶದಲ್ಲೂ ಅದು ನನಗೆ ಕಂಡಿಲ್ಲ. ಅಕ್ಕ ನಮ್ಮ ಬಕೆಟ್ಟು ಮಗುಚುವಾಗ ಎಡಗೈ ಸುಮ್ಮನಿರುವುದಿಲ್ಲ. ನೀರಿನ ಬಾಟ್ಲಿ, ರಟ್ಟು, ಎಣ್ಣೆಯ ಡಬ್ಬ ಗಾಳಿಯಲ್ಲೇ ಹಿಡಿದು ಚೀಲಕ್ಕೆ ಹಾಕುತ್ತಾರೆ, ಕಣ್ಣು ಮುಂದಿನ ಮನೆಯ ಗೇಟಿನ ಮೇಲೆಯೇ ಇರುತ್ತದೆ. ಮರುದಿನ ನಮ್ಮ ಹಾಲಿನ ಕವರುಗಳೂ ಹಾಗೆ ಬಚಾವಾದವು. ಸಿಪ್ಪೆಯ ಮೇಲಿಂದ ಅವನ್ನು ಬಳಿದು ತೆಗೆದು, ಕೊಡವಿ, "ಕ್ಲೀನಾಗಿದೆ ಸಾರ್, ಅಮ್ಮನಿಗೆ ಹೇಳಿ" ಎಂದು ಚೀಲಕ್ಕಿಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅದು ಗುಜರಿಯ ತಕ್ಕಡಿಯ ಮೇಲಿರುತ್ತದೆ. ಯೋಜನಾ ವರದಿಯಿಲ್ಲ, ಸಲಹೆಗಾರರಿಲ್ಲ, ಟೆಂಡರ್ ಇಲ್ಲ. ಒಂದು ಗೋಣಿಚೀಲ, ಒಂದು ಎಡಗೈ, ಅಷ್ಟೆ. ಕೈಗವಸು ಕೂಡ ಬಲಗೈಯಲ್ಲಿ ಮಾತ್ರ ಇತ್ತು, ಇನ್ನೊಂದು ಹರಿದು ತಿಂಗಳಾಯಿತಂತೆ.

ಇನ್ನೊಬ್ಬ ಇದ್ದಾನೆ, ಹಳೇ ಪೇಪರಿನವನು. ಭಾನುವಾರ ತಳ್ಳುಗಾಡಿ ತರುತ್ತಾನೆ. ತಕ್ಕಡಿಯಲ್ಲಿ ಒಂದಿಷ್ಟು ಮೋಸವೂ ಮಾಡುತ್ತಾನೆ, ಅದು ಅವನಿಗೂ ಗೊತ್ತು, ನಮಗೂ ಗೊತ್ತು. ಆದರೂ ಕಸ ಒಯ್ದು ಕೈಗೆ ದುಡ್ಡು ಕೊಟ್ಟು ಹೋಗುವವನು ಅವನೊಬ್ಬನೇ. ಮನೆ ಎಷ್ಟು ಚದರಡಿ ಎಂದು ಇವತ್ತಿನವರೆಗೆ ಕೇಳಿಲ್ಲ.

ಪಾಲಿಕೆ ಕೊಟ್ಟ ಬಕೆಟ್ಟುಗಳ ಕಥೆ ಕೇಳಬೇಡಿ. ಎದುರುಮನೆಯ ಹಸಿರು ಬಕೆಟ್ಟಿನಲ್ಲಿ ರಾಗಿಹಿಟ್ಟಿದೆ. ಕೆಂಪು ಬಕೆಟ್ಟಿನಲ್ಲಿ ಕರಿಬೇವು ಸೊಂಟದೆತ್ತರ ಬಂದಿದೆ.

ನಾಲ್ಕನೆಯ ಡಬ್ಬದ ಸುದ್ದಿ ಓದಿದ ದಿನ ನಾನು ಮಾತ್ರ ಖುಷಿಪಟ್ಟೆ. ನಮ್ಮ ಬಾಗಿಲ ಹಿಂದೆ ಕೆಟ್ಟುಹೋದ ಟ್ಯೂಬ್‌ಲೈಟೊಂದು ಮೂರು ವರ್ಷದಿಂದ ನಿಂತಿದೆ. ಅದನ್ನು ಗಾಡಿಯವರು ಒಂದು ದಿನ ಒಣ ಅನ್ನುತ್ತಾರೆ, ಇನ್ನೊಂದು ದಿನ ಒಡೆಯುತ್ತೆ ಅನ್ನುತ್ತಾರೆ, ಹಳೇ ಪೇಪರಿನವನು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಒಳಗೆ ಪಾದರಸ ಇರುತ್ತದೆ, ಎಲ್ಲೆಂದರಲ್ಲಿ ಒಡೆಯುವ ಹಾಗಿಲ್ಲ ಎಂದು ನಾನೇ ಜೋಪಾನ ಮಾಡಿದ್ದೆ.

"ಅಮ್ಮಾ, ಟ್ಯೂಬ್‌ಲೈಟಿಗೂ ಈಗ ಒಂದು ಜಾತಿ ಸಿಕ್ತು. ವಿಶೇಷ ಆರೈಕೆ!"

"ಹೆಸರಾಯ್ತು ಬಿಡು," ಅಂದರು ಅಮ್ಮ. "ಗಾಡಿ ಯಾವ ವಾರವಂತೆ?"

ಪೇಪರನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದೆ. ಅಷ್ಟರಲ್ಲಿ ಅಮ್ಮ ಒದ್ದೆ ಬಟ್ಟೆ ತಂದು ಟ್ಯೂಬ್‌ಲೈಟಿನ ಧೂಳು ಒರೆಸಿ, ಅದನ್ನು ಮತ್ತೆ ಬಾಗಿಲ ಹಿಂದೆ ನಿಲ್ಲಿಸಿದರು.