ಟ್ರಿಪಲ್ ಡಬಲ್: ವೆಸ್ಟ್‌ಬ್ರೂಕ್ ಮೊದಲಿಗರಲ್ಲ

ಶಿವಮೊಗ್ಗದ ನಮ್ಮ ಬೆಳಗಿನ ಬಾಸ್ಕೆಟ್‌ಬಾಲ್ ಬಳಗದ ವಾಟ್ಸ್‌ಆ್ಯಪ್‌ನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ಒಂದು ಪೋಸ್ಟರ್ ಓಡಾಡುತ್ತಿದೆ: 'ಎನ್‌ಬಿಎಯಲ್ಲಿ ಇಡೀ ಸೀಸನ್ ಸರಾಸರಿ ಟ್ರಿಪಲ್ ಡಬಲ್ ಮಾಡಿದ ಮೊದಲ ಗಾರ್ಡ್ ರಸೆಲ್ ವೆಸ್ಟ್‌ಬ್ರೂಕ್.' ಗಾರ್ಡ್ ಅಂದರೆ ಚೆಂಡು ನಡೆಸಿ ಆಟ ಕಟ್ಟುವ ಆಟಗಾರ. ಟ್ರಿಪಲ್ ಡಬಲ್ ಅಂದರೆ, ಸಾಮಾನ್ಯವಾಗಿ, ಒಂದು ಪಂದ್ಯದಲ್ಲಿ ಅಂಕ, ರೀಬೌಂಡ್ (ಗುರಿ ತಪ್ಪಿ ಬಂದ ಚೆಂಡು ಹಿಡಿಯುವುದು), ಅಸಿಸ್ಟ್ (ಜೊತೆಗಾರ ಅಂಕ ಗಳಿಸಲು ನೆರವಾದ ಪಾಸ್) ಮೂರರಲ್ಲೂ ಹತ್ತು ಅಥವಾ ಹೆಚ್ಚು. ಪೋಸ್ಟರ್ ಹೇಳಿದ್ದು ತಪ್ಪು. ಆಸ್ಕರ್ ರಾಬರ್ಟ್‌ಸನ್ 1961-62ರಲ್ಲೇ ಅದನ್ನು ಮಾಡಿ ಮುಗಿಸಿದ್ದರು: ಪಂದ್ಯಕ್ಕೆ 30.8 ಅಂಕ, 12.5 ರೀಬೌಂಡ್, 11.4 ಅಸಿಸ್ಟ್. ವೆಸ್ಟ್‌ಬ್ರೂಕ್ ಎರಡನೆಯವರು. 2016-17ರಲ್ಲಿ ಅವರದ್ದು 31.6, 10.7, 10.4. ಆ ಸೀಸನ್ನಿನಲ್ಲಿ ಅವರು ನಿಜವಾಗಿ ಮುರಿದದ್ದು ಒಂದೇ ಸೀಸನ್ನಿನಲ್ಲಿ ರಾಬರ್ಟ್‌ಸನ್ ಮಾಡಿದ್ದ 41 ಟ್ರಿಪಲ್ ಡಬಲ್‌ಗಳ ದಾಖಲೆ, 42 ಮಾಡಿ.

ಹಾಗಂತ ಹಳೇ ಕಾಲದ ಅಭಿಮಾನಿಗಳು ಕುಣಿಯಬೇಕಿಲ್ಲ. ರಾಬರ್ಟ್‌ಸನ್ ಪಂದ್ಯಕ್ಕೆ ಸುಮಾರು 44 ನಿಮಿಷ ಆಡುತ್ತಿದ್ದರು, ವೆಸ್ಟ್‌ಬ್ರೂಕ್ 35ರ ಆಸುಪಾಸು. ಆಗ ಆಟದ ವೇಗವೂ ಹೆಚ್ಚು, ಗುರಿ ತಪ್ಪುವ ಎಸೆತಗಳೂ ಹೆಚ್ಚು. ತಪ್ಪಿದ ಚೆಂಡೇ ತಾನೆ ರೀಬೌಂಡ್ ಆಗುವುದು? ಮಳೆ ಬಿಟ್ಟ ಮಾರನೇ ದಿನ, ಪಾಚಿ ಹಿಡಿದ ನಮ್ಮ ಕೋರ್ಟ್‌ನಲ್ಲಿ ಒದ್ದೆ ಚೆಂಡು ರಿಂಗಿಗೆ ಬಡಿದು ಬಡಿದು ವಾಪಸ್ ಬರುವಾಗ, ಐದೂವರೆ ಅಡಿಯ ನಾನೂ ಹತ್ತು ರೀಬೌಂಡ್ ಹಿಡಿದಿದ್ದುಂಟು.

ಪೋಸ್ಟರ್ ಹಾಕಿದ ಗೆಳೆಯ 'ಮೊದಲ' ಅಳಿಸಿ 'ಎರಡನೇ' ಅಂತ ಬರೆದರೆ ಸಾಕು. ಫೋಟೋ ಚೆನ್ನಾಗಿದೆ, ಇರಲಿ.