ಉತ್ತರ ಹಿಡಿಸಲಿಲ್ಲ ಅಂತ ಮತ್ತೆ ಕೇಳೋರಿಗೆ

ಈಗಷ್ಟೇ ಒಂದು ರೀಲ್ ನೋಡಿ ಮೈ ಉರಿದುಹೋಯ್ತು. ಚೀನಾದ ಹಳೇ ಕಣಿ ಗ್ರಂಥ ಐ ಚಿಂಗ್ ನೋಡಿ ಹೇಳುವ ಕಣಿಯಂತೆ. ಬಟನ್ ಒತ್ತಿ, ಉತ್ತರ ಇಷ್ಟ ಆಗಲಿಲ್ವಾ, ಮತ್ತೆ ಒತ್ತಿ! ಪ್ರಸಾದ ಎಡಕ್ಕೆ ಬಿತ್ತು ಅಂತ ದೇವರ ತಲೆ ಮೇಲೆ ಇನ್ನೊಂದು ಹೂ ಏರಿಸಿದ ಹಾಗೆ. ಆ ಗ್ರಂಥದಲ್ಲಿ ಆರಾರು ಗೆರೆಗಳ 64 ಆಕೃತಿಗಳಿವೆ, ಕೇಳಿದವರಿಗೆ ಬರುವ ಆಕೃತಿಯೇ ಉತ್ತರ. ಅವುಗಳಲ್ಲಿ ನಾಲ್ಕನೆಯದು, 'ಮೆಂಗ್', ಇಂಥವರನ್ನೇ ಬೈಯುತ್ತದೆ: ಮೊದಲ ಸಲ ಕೇಳಿದರೆ ಹೇಳ್ತೀನಿ, ಎರಡು ಮೂರು ಸಲ ಕೇಳಿದರೆ ಅದು ಕಾಟ, ಕಾಟ ಕೊಡೋರಿಗೆ ಹೇಳಲ್ಲ.

ಹಳೇ ಕ್ರಮದಲ್ಲಿ ಮತ್ತೆ ಕೇಳುವ ಚಪಲವೇ ಹುಟ್ಟಲ್ಲ, ಅಷ್ಟು ನಿಧಾನ. 'ಯ್ಯಾರೋ' (yarrow) ಅನ್ನೋ ಗಿಡದ 50 ಒಣಕಡ್ಡಿ ತಗೊಂಡು ಒಂದನ್ನು ಪಕ್ಕಕ್ಕಿಡಿ. ಉಳಿದ 49ನ್ನು ಅಂದಾಜಿನಲ್ಲಿ ಎರಡು ಪಾಲು ಮಾಡಿ. ಬಲಪಾಲಿನಿಂದ ಒಂದು ಕಡ್ಡಿ ತೆಗೆದು ಎಡಗೈಯ ಕಿರುಬೆರಳಿನ ಸಂದಿಗೆ ಸಿಕ್ಕಿಸಿ. ಎರಡೂ ಪಾಲನ್ನು ನಾಲ್ಕು ನಾಲ್ಕಾಗಿ ಎಣಿಸಿ, ಕೊನೆಯಲ್ಲಿ ಉಳಿದದ್ದನ್ನು ಅದರ ಜತೆ ಸೇರಿಸಿ. ಎಲ್ಲರೂ ಎಡವೋದು ಇಲ್ಲೇ: ಸರಿಯಾಗಿ ಮುಗಿದರೆ ಶೇಷ ಸೊನ್ನೆ ಅಲ್ಲ, ಕೊನೇ ನಾಲ್ಕೂ ಶೇಷವೇ. ಮೊದಲ ಸುತ್ತಿನಲ್ಲಿ ಕೈಯಲ್ಲಿ 5 ಅಥವಾ 9 ಇರಲೇಬೇಕು. ಆರೋ ಏಳೋ ಬಂದರೆ ಎಣಿಕೆ ತಪ್ಪಿದೆ. ಅವನ್ನು ಬದಿಗಿಟ್ಟು ಮಿಕ್ಕ ಕಡ್ಡಿಗಳಲ್ಲಿ ಇನ್ನೆರಡು ಸುತ್ತು. ಆಗ 4 ಅಥವಾ 8. ಅವನ್ನೂ ಬದಿಗಿಟ್ಟು, ಕೊನೆಗೆ ಮಿಕ್ಕ ಕಡ್ಡಿಗಳ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ 6, 7, 8, 9ರಲ್ಲಿ ಒಂದು. ಬೆಸ ಬಂದರೆ ಇಡೀ ಗೆರೆ, ಸಮ ಬಂದರೆ ತುಂಡು ಗೆರೆ. 6 ಮತ್ತು 9 ಬದಲಾಗುವ ಗೆರೆಗಳು: ತುಂಡು ಇಡಿಯಾಗುತ್ತೆ, ಇಡಿ ತುಂಡಾಗುತ್ತೆ, ಆಗ ಇನ್ನೊಂದು ಆಕೃತಿ ಸಿಗುತ್ತೆ. ಹೀಗೆ ಒಂದು ಗೆರೆ. ಬೇಕಾದ್ದು ಆರು, 18 ಸುತ್ತು. ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಬರೀಬೇಕು ಮಾರಾಯ್ರೇ! ತಲೆಕೆಳಗಾದರೆ 11ನೆಯ 'ತಾಯ್', ಅಂದರೆ ನೆಮ್ಮದಿ, 12ನೆಯ 'ಪಿ', ಅಂದರೆ ತಡೆ, ಆಗಿಬಿಡುತ್ತೆ.

ಮೂರು ನಾಣ್ಯದಲ್ಲೂ ಆಗುತ್ತಲ್ಲ? ಆಗುತ್ತೆ, ಸೋಮಾರಿತನ ಬಂದಾಗ ನಾನೂ ಎಸೀತೀನಿ. ಆದರೆ ಎರಡೂ ಒಂದೇ ಅನ್ನಬೇಡಿ. ಕಡ್ಡಿಯಲ್ಲಿ 9 ಬರುವ ಸಾಧ್ಯತೆ 16ರಲ್ಲಿ 3, 6 ಬರುವುದು 16ರಲ್ಲಿ 1. ನಾಣ್ಯದಲ್ಲಿ ಎರಡಕ್ಕೂ 16ರಲ್ಲಿ 2.

ಪ್ರಾಚೀನ ಚೀನಾದ ಶಾಂಗ್ ರಾಜರ ಕಾಲದಲ್ಲಿ ಆಮೆಚಿಪ್ಪು ಸುಟ್ಟು, ಅದರ ಬಿರುಕು ನೋಡಿ ಕಣಿ ಹೇಳುವಾಗ ಒಂದೇ ಪ್ರಶ್ನೆ ಹಲವು ಸಲ ಕೇಳ್ತಿದ್ದರಲ್ಲ ಅಂತ ಪಂಡಿತರು ಕಾಮೆಂಟಿಗೆ ಬರ್ತಾರೆ, ಗೊತ್ತು. ಕೇಳ್ತಿದ್ದರು. ಆದರೆ ಇದು ಎಷ್ಟನೇ ಬಿರುಕು ಅನ್ನೋದನ್ನು ಪಕ್ಕದಲ್ಲೇ ಕೆತ್ತಿ ಇಡ್ತಿದ್ದರು, ಸ್ವಾಮಿ. ನೀವು ಹಿಡಿಸದ್ದನ್ನು ಅಳಿಸಿ ಮತ್ತೆ ಒತ್ತೋರು!

ಕೇಳೋದಾದರೂ ನೆಟ್ಟಗೆ ಕೇಳಿ. "ಕೆಲಸ ಬಿಡಲೋ, ಇರಲೋ" ಅಂದರೆ ಉತ್ತರ ಯಾವುದಕ್ಕೆ ಅಂತ ತಿಳಿಯಲ್ಲ. "ಬಿಟ್ಟರೆ ಏನು ಎದುರಾದೀತು" ಅಂತ ಕೇಳಿ, ಬರೆದಿಟ್ಟುಕೊಂಡು ಶುರು ಮಾಡಿ. ಓದೋದಕ್ಕೂ 12ನೇ ಶತಮಾನದ ಚೀನೀ ವಿದ್ವಾಂಸ ಝು ಶೀ ಹಾಕಿಕೊಟ್ಟ ಕ್ರಮವಿದೆ. ಯಾವ ಗೆರೆಯೂ ಬದಲಾಗದಿದ್ದರೆ ಗ್ರಂಥದಲ್ಲಿ ಆ ಆಕೃತಿಗೆ ಬರೆದಿರುವ ಮುಖ್ಯ ವಾಕ್ಯ ಮಾತ್ರ. ಒಂದು ಬದಲಾದರೆ ಆ ಗೆರೆಯ ಮಾತು. ಎರಡಾದರೆ ಎರಡೂ, ಮೇಲಿನದಕ್ಕೆ ತೂಕ ಜಾಸ್ತಿ. ಮೂರಾದರೆ ಮೊದಲ ಆಕೃತಿ, ಬದಲಾದ ಆಕೃತಿ ಎರಡರ ಮುಖ್ಯ ವಾಕ್ಯ. ಆ ರೀಲಿನವರು ಆರೂ ಗೆರೆಯ ಮಾತನ್ನು ಒಟ್ಟಿಗೆ ಸುರಿದು, ನಿಮಗೆ ಹೊಂದೋದನ್ನು ಆರಿಸಿಕೊಳ್ಳಿ ಅಂತಾರೆ.