ಚೆಕ್ಕುಬಂದಿ ಇಲ್ಲದ ಶಾಂತಿ

ಯುದ್ಧ ಮುಗಿಸಿ ಕೈಕುಲುಕಲು ಹೊರಟ ದೇಶಗಳಿಗೆ ನನ್ನದೊಂದು ಮನವಿ. ಜಿನೀವಾ, ತಾಷ್ಕೆಂಟ್ ಅಂತ ಸುಮ್ನೆ ಯಾಕೆ ದುಡ್ಡು ದಂಡ? ದಾವಣಗೆರೆಗೆ ಬನ್ನಿ. ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಪತ್ರ ಬರೆಯುವವರು ಸಿಗುತ್ತಾರೆ. ಮೂವತ್ತು ನಲವತ್ತರ ಸೈಟು ಇರಲಿ, ಎರಡೆಕರೆ ಅಡಿಕೆ ತೋಟ ಇರಲಿ, ಅವರು ಮೊದಲು ಕೇಳುವುದು ಒಂದೇ: "ಚೆಕ್ಕುಬಂದಿ ಹೇಳ್ರಿ." ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾರ ಬದು, ದಕ್ಷಿಣಕ್ಕೆ ಬಂಡಿ ದಾರಿಯೋ ಭದ್ರಾ ನಾಲೆಯೋ. ನಾಲ್ಕರಲ್ಲಿ ಒಂದು ಗೊತ್ತಿಲ್ಲ ಅಂದರೆ ಪೆನ್ನು ಕೆಳಗಿಡುತ್ತಾರೆ.

ಈಗ 1949ರ ಜುಲೈ 27ರ ಕರಾಚಿ ಒಪ್ಪಂದ ನೋಡಿ. ಕಾಶ್ಮೀರದ ಮೊದಲ ಯುದ್ಧ ಆದಮೇಲೆ ಕದನವಿರಾಮದ ಗೆರೆ ಎಳೆಯಲು ಭಾರತ, ಪಾಕಿಸ್ತಾನದ ಸೇನಾಧಿಕಾರಿಗಳು ಕೂತರು. ಪಂಚಾಯ್ತಿಗೆ ವಿಶ್ವಸಂಸ್ಥೆಯವರು. ಊರು, ಹಳ್ಳ, ಗುಡ್ಡ ಎಲ್ಲ ಒಂದೊಂದಾಗಿ ಬರೆದರು. ಈಗ ಎನ್‌ಜೆ 9842 ಅಂತ ಕರೆಯುವ ಜಾಗಕ್ಕೆ ಬಂದಾಗ ಊಟದ ಹೊತ್ತಾಯಿತೋ ಏನೋ, "ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ" ಅಂತ ಬರೆದು ಸಹಿ ಹಾಕಿ ಎದ್ದರು. ಯಾವ ಹಿಮನದಿ? ಅದರ ಈ ದಂಡೆಯೋ, ಆ ದಂಡೆಯೋ? ಅಷ್ಟು ಮೇಲೆ ಯಾರು ಹೋಗ್ತಾರೆ ಬಿಡ್ರಿ!

ಇಲ್ಲಿನ ಪತ್ರ ಬರೆಯುವವರೊಬ್ಬರಿಗೆ ಈ ಸಾಲು ಓದಿ ಹೇಳಿದೆ.

"ಹದ್ದುಬಸ್ತು ಆಗಿಲ್ವಾ?"

"ಇಲ್ಲ ಅಣ್ಣಾರೆ."

"ಹಂಗಾದ್ರೆ ಇದು ಒಪ್ಪಂದ ಅಲ್ರಿ, ಮುಂದಿನ ಕೇಸಿಗೆ ಅಡ್ವಾನ್ಸು."

ತಿದ್ದುಪಡಿ ಪತ್ರ ಮಾಡಿಸಲು ಅವಕಾಶವೂ ಬಂದಿತ್ತು. 1971ರ ಯುದ್ಧ ಮುಗಿದು 1972ರಲ್ಲಿ ಇಂದಿರಾ ಗಾಂಧಿ, ಪಾಕಿಸ್ತಾನದ ಭುಟ್ಟೋ ಶಿಮ್ಲಾದಲ್ಲಿ ಕೂತಾಗ ನಮ್ಮ ಕೈಯಲ್ಲಿ ಸುಮಾರು 93,000 ಯುದ್ಧಕೈದಿಗಳಿದ್ದರು. ಆಮೇಲೆ ಎಳೆದ ಹೊಸ ಗೆರೆಯೂ ಹಳೇ ಜಾಗದಲ್ಲೇ ನಿಂತಿತು. ಕಾಶ್ಮೀರದ ಕೊನೆ ತೀರ್ಮಾನ? ಮುಂದೆ ಕೂತು ಮಾತಾಡೋಣ ಅಂದರು. ಆ ಮಾತು ಇನ್ನೂ ಮುಗಿದಿಲ್ಲ.

ಯಾರೂ ಹೋಗಲ್ಲ ಅಂದುಕೊಂಡ ಆ ಜಾಗಕ್ಕೆ 1984ರ ಏಪ್ರಿಲ್‌ನಲ್ಲಿ ನಮ್ಮ ಸೈನಿಕರು ಹತ್ತಿದರು. ಅದೇ ಸಿಯಾಚಿನ್. ಅಂದಿನಿಂದ ಎರಡೂ ಕಡೆ ಗುಂಡಿಗಿಂತ ಚಳಿಗೆ, ಹಿಮಕುಸಿತಕ್ಕೆ ಸತ್ತವರೇ ಜಾಸ್ತಿ. ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ 2016ರಲ್ಲಿ ಆರು ದಿನ ಹಿಮದಡಿ ಜೀವ ಹಿಡಿದಿದ್ದು, ಹೊರಗೆ ಬಂದಮೇಲೆ ದೆಹಲಿಯಲ್ಲಿ ತೀರಿಕೊಂಡರು. ಅರ್ಧ ಸಾಲು ಬರೆದು ಎದ್ದು ಹೋದವರು ಯಾರೂ ಅಷ್ಟು ಎತ್ತರದಲ್ಲಿ ಒಂದು ರಾತ್ರಿ ಮಲಗಲಿಲ್ಲ.

ಕೊರಿಯಾದವರದ್ದು ಇನ್ನೊಂದು ಕಥೆ. ಅಲ್ಲೂ ಜುಲೈ 27ನೇ ತಾರೀಖೇ, 1953. ಕದನ ನಿಲ್ಲಿಸಿದರು, ಶಾಂತಿ ಒಪ್ಪಂದಕ್ಕೆ ಇವತ್ತಿಗೂ ಸಹಿ ಬಿದ್ದಿಲ್ಲ. ಬದಲಿಗೆ ಬಾವುಟ ಏರಿಸಿದರು. ಗಡಿಯ ಪಕ್ಕ ದಕ್ಷಿಣದವರು ಸುಮಾರು 100 ಮೀಟರ್ ಕಂಬ ನೆಟ್ಟರೆ, ಉತ್ತರದವರು 160 ಮೀಟರ್ ನೆಟ್ಟರು. ಇದು ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಒಬ್ಬ ಲೀಡರ್ ಹುಟ್ಟುಹಬ್ಬಕ್ಕೆ ಇಪ್ಪತ್ತಡಿ ಫ್ಲೆಕ್ಸ್ ಕಟ್ಟಿಸಿದರೆ, ಎದುರು ಪಾರ್ಟಿಯವರು ಪಕ್ಕದಲ್ಲೇ ಮೂವತ್ತಡಿ ಕಟ್ಟಿಸುವ ಊರು ನಮ್ಮದು. ಒಂದೇ ವ್ಯತ್ಯಾಸ, ನಮ್ಮದು ಮಳೆ ಬಂದರೆ ಹರಿಯುತ್ತದೆ.

ಚೆಕ್ಕುಬಂದಿ ಸರಿಯಾಗಿ ಬರೆದರೆ ಸಾಕಾ ಅಂತ ನೀವು ಕೇಳಬಹುದು. ಇಥಿಯೋಪಿಯಾ, ಎರಿಟ್ರಿಯಾ ಅದನ್ನೂ ಮಾಡಿ ನೋಡಿದವು. ಬಾಡ್ಮೆ ಅನ್ನೋ ಒಂದು ಸಣ್ಣ ಊರಿನಿಂದ ಶುರುವಾದ ಯುದ್ಧದಲ್ಲಿ ಸಾವಿರಾರು ಜನ ಸತ್ತರು. 2000ದಲ್ಲಿ ಅಲ್ಜೀರ್ಸ್‌ನಲ್ಲಿ ಒಪ್ಪಂದ ಆಯಿತು. ಗಡಿ ಆಯೋಗ 2002ರಲ್ಲಿ ಊರು ಎರಿಟ್ರಿಯಾದ್ದು ಅಂದಿತು. ಇಥಿಯೋಪಿಯಾ ಜಾಗ ಬಿಡಲಿಲ್ಲ. ತೀರ್ಪು ನಮ್ಮ ಪರ ಬಂದರೆ ಮಾತ್ರ ಕೋರ್ಟು ದೊಡ್ಡದು, ಅಲ್ವಾ? ಕೊನೆಗೆ 2018ರಲ್ಲಿ ಪ್ರಧಾನಿ ಅಬಿ ಅಹ್ಮದ್ ತೀರ್ಪು ಒಪ್ಪುತ್ತೇವೆ ಅಂದರು. ಇಬ್ಬರೂ ನಾಯಕರು ತಬ್ಬಿಕೊಂಡರು. ಮರುವರ್ಷ ಅಬಿಯವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಅದರ ಮರುವರ್ಷ, 2020ರ ನವೆಂಬರ್‌ನಲ್ಲಿ, ಗಡಿಗೆ ಅಂಟಿಕೊಂಡ ಇಥಿಯೋಪಿಯಾದ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಶುರುವಾಯಿತು. ಈ ಸಲ ಎರಡೂ ದೇಶಗಳ ಸೇನೆ ಒಂದೇ ಕಡೆ. ಸ್ನೇಹ ಅಷ್ಟು ಗಟ್ಟಿಯಾಗಿತ್ತು. ಕೊಟ್ಟ ನೊಬೆಲ್ ವಾಪಸ್ ತಗೊಳ್ಳೋಕೆ ನಿಯಮದಲ್ಲಿ ಅವಕಾಶ ಇಲ್ಲ.